ನೀಲಿ ಎಂಜಿನ್ ನಿಲ್ಲಿಸಿದ ದಿನ

ಏನೇ,

ಈ ಕಾಗದ ಎಲ್ಲಿಗೆ ಕಳಿಸಬೇಕೋ ಗೊತ್ತಿಲ್ಲ, ಆದರೂ ನಿನಗೆ ಹೇಳದೆ ಊಟ ಸೇರುತ್ತಿಲ್ಲ. ಇವತ್ತು ನಮ್ಮ ಥ್ರಸ್ಟರನ್ನು, ಬಾಹ್ಯಾಕಾಶ ನೌಕೆಯನ್ನು ನೂಕುವ ಯಂತ್ರವನ್ನು, ನಿಲ್ಲಿಸಿದೆವು. ಗಾಳಿ ತೆಗೆದ ಉಕ್ಕಿನ ಕೋಣೆಯೊಳಗೆ ಪರೀಕ್ಷೆಗೆಂದು ಮೂರು ವರ್ಷ ಉರಿದ ನೀಲಿ ಎಂಜಿನ್ನು, ನೀನು ಸವತಿ ಅನ್ನುತ್ತಿದ್ದೆಯಲ್ಲ, ಅದೇ. ಅಂಗೈ ಮೇಲೆ ಒಂದು ಹಾಳೆ ಇಟ್ಟಷ್ಟೇ ಅದರ ನೂಕುಬಲ. ಬಿಡದೆ ನೂಕಿದರೆ ಮಾತ್ರ ನೌಕೆ ಗ್ರಹಗಳನ್ನೇ ದಾಟುತ್ತದೆ. 'ಕಾನ್‌ಸ್ಟಂಟ್ ಫೋರ್ಸ್' ಎಂದು ಕಾಲೇಜಿನ ಮೇಷ್ಟ್ರು ಏನೋ ಹೇಳುತ್ತಿದ್ದರು, ಮಿಕ್ಕಿದ್ದು ಮರೆತಿದೆ.

ಮೂರು ವರ್ಷವೂ ಅದರ ಕಾವಲಿಗೆ ಕೂತವನೆಂದು, ನಿಲ್ಲಿಸುವ ಗುಂಡಿ ಒತ್ತಲು ನನ್ನನ್ನೇ ಕರೆದರು. ಬೆಳಕು ಒಮ್ಮೆಲೇ ಹೋಗಲಿಲ್ಲ, ನಿದ್ದೆಗೆ ಜಾರುವ ಕಣ್ಣಿನ ಹಾಗೆ ಮೆಲ್ಲಗೆ ಹೋಯಿತು. ಕಿಟಕಿಯ ಗಾಜಿನಲ್ಲಿ ನನ್ನ ಮುಖವೊಂದೇ ತೇಲುತ್ತಿತ್ತು.

ಆಮೇಲೆ ವರದಿ ಬರೆಯುವ ಎಂಜಿನಿಯರಮ್ಮ ಕಂಪ್ಯೂಟರಿನ ದಾಖಲೆ ತೋರಿಸಿ ನಕ್ಕಳು. "ಸಾರ್, ನೀವು ಸುಮ್ನೆ ಕಾವಲು ಕೂತಿದ್ರಿ! ಈ ವಾರ ನೋಡಿ, ಯಾರೂ ಒಂದು ಗುಂಡೀನೂ ಮುಟ್ಟಿಲ್ಲ. ತಾನೇ ಓಡಿದೆ."

"ಯಾವ ವಾರಮ್ಮ?"

ತಾರೀಖು ಹೇಳಿದಳು. ಅದು ನಿನ್ನ ಕೊನೆಯ ವಾರ. ಆಸ್ಪತ್ರೆಯಿಂದ ಫೋನ್ ಮಾಡಿ, "ಒಂದು ಗಳಿಗೆ ಬಂದು ಹೋಗ್ರೀ" ಅಂದಿದ್ದೆ. "ನಾನು ಎದ್ರೆ ಇದು ಕೆಟ್ಟುಹೋಗುತ್ತೆ ಕಣೇ" ಎಂದೆ. ನಿಜವೆಂದೇ ನಂಬಿದ್ದೆ. ನೀನೂ ನಂಬಿದೆ. "ಹಾಗಾದ್ರೆ ಅಲ್ಲೇ ಇರಿ, ಪಾಪ" ಅಂದೆ.

"ಒಳ್ಳೇ ಯಂತ್ರ ಕಣಮ್ಮ" ಎಂದೆ ಎಂಜಿನಿಯರಮ್ಮನಿಗೆ.

ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.