ಅಮ್ಮನ ಮುರುಗಲ ತುಪ್ಪ

ಕಳಸ, ಅಕ್ಟೋಬರ್ 11, 1980. ಬೆಳಿಗ್ಗೆ
ಹೊಸ ಮುರುಗಲ ತುಪ್ಪ ಶುರು. ಹುಳಿಹಣ್ಣಿನ ಬೀಜ ಕುಟ್ಟಿ, ಕುದಿಸಿ, ಮೇಲೆ ತೇಲಿದ್ದನ್ನು ಅಮ್ಮ ಉಂಡೆ ಕಟ್ಟಿದ್ದಾಳೆ. ಮೇಣದ ಹಾಗೆ ಗಟ್ಟಿ. ಅದನ್ನು ಬಳಿದು ಮೇಲೆ ಬಣ್ಣ ಹಚ್ಚಿದರೆ ಬೆಳಗಿನವರೆಗೂ ಬಿರಿಯುವುದಿಲ್ಲ. ಯಕ್ಷಗಾನ ಮೇಳದಲ್ಲಿ ರಾಣಿ ವೇಷ ನನ್ನದು. ಮುಂದಿನ ಸಾಲಿನಲ್ಲಿ ಕೂತವರೂ ನಾನು ಗಂಡಸೆಂಬುದನ್ನು ಮರೆಯಬೇಕು. ಮೇಳ ತಿರುಗಾಟಕ್ಕೆ ಹೊರಡುವ ಮೊದಲು ದಿನಾ ಹಚ್ಚಿ ಚರ್ಮ ಹದ ಮಾಡಬೇಕು.

ಅಕ್ಟೋಬರ್ 15
ಮುಖ ಉರಿ. ಕೆನ್ನೆಯಲ್ಲಿ ಗುಳ್ಳೆ. ಉಷ್ಣವಂತೆ. ಅಮ್ಮ ಇನ್ನಷ್ಟು ಹಚ್ಚಿದಳು.

ಅಕ್ಟೋಬರ್ 22
ಗುಳ್ಳೆ ಒಡೆದು ನೀರು. ಡಾಕ್ಟರ್ ಕೊಟ್ಟ ಮುಲಾಮಿನಿಂದಲೂ ಗುಣವಿಲ್ಲ. ದರಿದ್ರದ ಟ್ಯೂಬ್! ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟೆ. ನನಗೆ ಬೇರೆ ಏನು ಬರುತ್ತದೆ? ಎಸ್ಟೇಟಿನಲ್ಲಿ ಮರ ಹತ್ತಿ ಕೊಂಬೆ ಕಡಿಯಲೇ?

ಅಕ್ಟೋಬರ್ 27
ಮೇಳದ ಮ್ಯಾನೇಜರ್ ಗುರುವಯ್ಯನವರು ಬಂದಿದ್ದರು.
"ಎಂಥದು ಮಾರಾಯ ಇದು! ಈ ಮುಖಕ್ಕೆ ಬಣ್ಣ ಹ್ಯಾಗೆ ಹಚ್ಚೋದು? ದೀಪಾವಳಿ ಒಳಗೆ ವಾಸಿ ಮಾಡ್ಕೊ. ಇಲ್ದಿದ್ರೆ ಬೇರೆಯವ್ರನ್ನ ನೋಡ್ಬೇಕಾಗ್ತದೆ."
ಕಾಲು ಹಿಡಿಯುವುದೊಂದು ಬಾಕಿ.

ನವೆಂಬರ್ 2
ಉಂಡೆ ಕರಗಿಸಿಟ್ಟ ಬಟ್ಟಲಿನ ತಳದಲ್ಲಿ ತುಪ್ಪ ಹಸಿರು. ಕಿಲುಬು! ಅಡುಗೆಮನೆಗೆ ಓಡಿದೆ. ಹಿತ್ತಾಳೆ ಪಾತ್ರೆಯ ಒಳಗೆ, ಹುಳಿಗೆ ಕಿಲುಬೇಳದಂತೆ ತಡೆಯುವ ತವರದ ಕಲಾಯಿಯ ಗುರುತೂ ಇಲ್ಲ. ವರ್ಷವೂ ಮನೆಮನೆಗೆ ಬಂದು ಕಲಾಯಿ ಹಾಕುವ ರಜಬ್ ಅಲಿ ಈ ಸಲ ಕಾಲು ಮುರಿದುಕೊಂಡು ತನ್ನೂರು ಕೊಟ್ಟಿಗೆಹಾರದಲ್ಲೇ ಮಲಗಿದ್ದಾನೆ. ಹುಳಿ ಬೀಜವೆಲ್ಲ ಅದರಲ್ಲೇ ಕುದಿದಿದೆ. ಅಮ್ಮನಿಗೆ ಕಣ್ಣು ಮಂಜು, ಹಸಿರು ಕಾಣುವುದೆಲ್ಲಿ... ಅಯ್ಯೋ, ಇಷ್ಟು ದಿನ ವಿಷ ಬಳಿಸಿಕೊಂಡೆ. ಯಾರನ್ನು ಬಯ್ಯಲಿ? ಬಾವಿಕಟ್ಟೆಯ ಹತ್ತಿರ ನಿಂತು ಅತ್ತೆ.

ನವೆಂಬರ್ 5. ಸಂಜೆ
ವೇಷ ಹೋಯಿತು. ಗುರುವಯ್ಯನವರು ಹೇಳಿ ಕಳಿಸಿದರು. ಅಮ್ಮನ ಕಿವಿಗೂ ಬಿತ್ತು. ಗೋಡೆ ಹಿಡಿದುಕೊಂಡು ಬಂದಳು.
"ನನ್ ತುಪ್ಪದಿಂದ ಹೀಗಾಯ್ತೇನೋ, ಜನಾರ್ದನ? ನಿಜ ಹೇಳು."
"ಛೇ, ಬಿಡಮ್ಮ. ಹೋದ ವರ್ಷದ ಬಣ್ಣ ಮೈಗಾಗ್ಲಿಲ್ಲ. ನಿನ್ ತುಪ್ಪ ಇದ್ದಿದ್ದಕ್ಕೆ ಇಷ್ಟಾದ್ರೂ ಉಳೀತು."
ಸುಳ್ಳು ಸಲೀಸಾಗಿ ಬಂತು. ನಟನಲ್ಲವೇ. ಪಾಪ, ಅವಳ ಮುಖ ಅರಳಿತು. ಒಳಗೆ ಹೋಗಿ ಇನ್ನೊಂದು ಉಂಡೆ ತಂದಳು.
"ಹಾಗಿದ್ರೆ ಬಾ ಮಗಾ, ದಪ್ಪಗೆ ಹಚ್ತೀನಿ."
ಎರಡು ಸಾಲು ಬರೆದು ಬರುತ್ತೇನೆ ಎಂದೆ. ಅಂಗೈಯಲ್ಲಿ ತುಪ್ಪ ಕರಗಿಸಿಕೊಂಡು ಕೂತಿದ್ದಾಳೆ. ಬೇಡವೆಂದರೆ ತಿಳಿದುಬಿಡುತ್ತದೆ. ಮುಖ ಒಡ್ಡಿದರೆ... ಕರೆಯುತ್ತಿದ್ದಾಳೆ. ಬಂದೆ ಅಮ್ಮಾ, ಬಂದೆ—