ಅಜ್ಜಿಯ ಲೋಟಕ್ಕೆ ಬಟ್ಟೆಯ ಸೋಪು

ತಮ್ಮಾ,

ಸಿಂಕಿನ ಪಕ್ಕದ ಪಾತ್ರೆ ಸೋಪಿನ ಹಸಿರು ಬಾಟಲಿ ಖಾಲಿಯಾದಾಗ ಅದಕ್ಕೆ ಬಟ್ಟೆ ಒಗೆಯುವ ಲಿಕ್ವಿಡ್ ತುಂಬಿಸಿಟ್ಟವನು ನೀನೇ ತಾನೆ? "ಸೋಪು ಅಂದ್ರೆ ಸೋಪು ಕಣಕ್ಕ" ಅಂತೀಯ, ಗೊತ್ತು. ಬಟ್ಟೆ ಸೋಪಿನ ಪರಿಮಳ ಅಂಟಿಕೊಂಡು ಉಳಿಯಲೆಂದೇ ಇರುವುದು. ಪಾತ್ರೆಯದು ನೀರಿನ ಜೊತೆ ಪೂರ್ತಿ ಹೋಗಿಬಿಡಬೇಕು.

ಬೆಳಿಗ್ಗೆ ಅಜ್ಜಿಯ ಲೋಟದಲ್ಲಿ ಒಂದು ಗುಟುಕು ಹಾಲು ಕುಡಿದೆ. ನಿನ್ನ ಅಂಗಿಯ ಕಾಲರು ನೆಕ್ಕಿದ ಹಾಗಾಯಿತು. ಸಿಂಕಿಗೇ ಉಗಿದೆ.

ಸ್ಪಂಜು ಲೋಳೆ ಹಿಡಿದಿತ್ತು, ಎಸೆದಿದ್ದೇನೆ. ಪಾತ್ರೆಯ ಹೊಸ ಸೋಪು ಕಿಟಕಿಯಲ್ಲಿದೆ. ತಟ್ಟೆ, ಲೋಟ, ಚಮಚ ಎಲ್ಲವನ್ನೂ ಬಿಸಿನೀರಿನಲ್ಲಿ ಎರಡು ಸಲ ತೊಳೆದು, ಒಂದೊಂದನ್ನೂ ಮೂಸಿ ನೋಡು.

ಅಜ್ಜಿ ನಾಲ್ಕು ದಿನದಿಂದ ಸರಿಯಾಗಿ ಏನೂ ತಿಂದಿಲ್ಲ. "ನಾಲಿಗೆ ಕೆಟ್ಟಿದೆ ಪುಟ್ಟಿ, ಹಳೇ ಕಾಯಿಲೆ ತಿರುಗಿ ಬಂತೇನೋ" ಎಂದು ನಿನ್ನೆ ನನ್ನ ಕೈ ಹಿಡಿದುಕೊಂಡರು. ಈಗ ನಿದ್ದೆಯಲ್ಲಿದ್ದಾರೆ, ಎಬ್ಬಿಸಲು ಮನಸ್ಸು ಬರಲಿಲ್ಲ.

ಅವರ ಲೋಟವನ್ನು ಮಾತ್ರ ಈಗಲೇ ತೊಳೆಯಬೇಡ, ಬೇರೆ ಇಟ್ಟಿದ್ದೇನೆ. ಮೊದಲು ಅದರಲ್ಲಿ ನೀನೂ ಒಂದು ಗುಟುಕು ಹಾಲು ಕುಡಿ. ಆಮೇಲೆ, ಅವರು ಎದ್ದ ಕೂಡಲೇ ಹೋಗಿ, "ನಾಲಿಗೆ ಸರಿಯಾಗಿದೆ, ಕೆಟ್ಟಿದ್ದು ನನ್ನ ಬುದ್ಧಿ" ಎಂದು ನಿನ್ನ ಬಾಯಲ್ಲೇ ಹೇಳು.

ಅಕ್ಕ