ಟೀ ತರಲು ಬಂದವಳಲ್ಲ

ತೊ ಕ್ವಾ ವಾನ್, ಹಾಂಗ್‌ಕಾಂಗ್
೧೨ ನವೆಂಬರ್ ೨೦೧೭

ನನ್ನ ಕಾ-ಯಿನ್‌ಗೆ, ನಿನ್ನ ತೋಳಲ್ಲಿ ಮಲಗಿರುವ ಪುಟ್ಟಿಗೂ, ಅಮ್ಮನ ಮುದ್ದು.

ನಿನ್ನೆ ಫೋನಿನಲ್ಲಿ ನೀನು, "ಬೇರೆಯವರ ಅಮ್ಮಂದಿರು ಹೆರಿಗೆಗೆ ಮುಂಚೆನೇ ಬಂದು ಕೂರ್ತಾರೆ, ನನ್ನಮ್ಮನಿಗೆ ಮಕಾವ್‌ಗೆ ಹಡಗು ಹತ್ತೋಕಾಗಲ್ಲ" ಎಂದೆ. ನಾನು ನೆಗಡಿ ಎಂದೆ. ನೀನು ಸಿಟ್ಟಿನಿಂದ ಫೋನ್ ಇಟ್ಟೆ. ಇಟ್ಟದ್ದೇ ಒಳ್ಳೆಯದಾಯಿತು. ಇನ್ನೆರಡು ಮಾತಾಡಿದ್ದರೆ ನನ್ನ ದನಿಯೇ ನನ್ನನ್ನು ಹಿಡಿದುಕೊಡುತ್ತಿತ್ತು. ಬಾಣಂತಿ ಅಳಬಾರದು, ಕಣ್ಣು ಕೆಡುತ್ತದೆ. ಅದಕ್ಕೇ ಈ ಕಾಗದ. ಮೊದಲು ಶುಂಠಿ ಹಾಕಿದ ಹಂದಿಕಾಲಿನ ಸಾರು ಕುಡಿ, ಆಮೇಲೆ ಮುಂದೆ ಓದು.

ನೆಗಡಿಯಲ್ಲ ಮಗಳೇ. ಜೂನ್ ತಿಂಗಳಲ್ಲಿ ನಾನು ಕೆಲಸ ಮಾಡುವಾಗ ಬಿದಿರಿನ ಸಾರವೆಯ ಮೇಲಿಂದ ಬಿದ್ದೆ. ಮನೆ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿತು ಎಂದು ಆಗ ಹೇಳಿದ್ದು ಸುಳ್ಳು. ಸೊಂಟದ ಮೂಳೆಯೂ ಎಡಗಾಲಿನ ಹಿಮ್ಮಡಿಯೂ ಮುರಿದಿದ್ದವು. ನೀನು ಬಸುರಿ, ಹಿಂದೊಂದು ಸಲ ಕಳೆದುಕೊಂಡು ಸೊರಗಿದವಳು. ನಿನಗೆ ಹೇಗೆ ಹೇಳಲಿ?

ನಮ್ಮ ಬೀದಿಯ ಹಿಂದಿನ ಹಳೆಯ ಕಟ್ಟಡ. ಮೂರನೇ ಮಹಡಿಯಲ್ಲಿ ನೀರಿನ ಕೊಳವೆ ಒಡೆದಿತ್ತು. ಗೋಡೆಗೆ ಕಬ್ಬಿಣದ ಚೌಕಟ್ಟು ಜಡಿದು, ಅದರ ಮೇಲೆ ನಾಲ್ಕು ಬಿದಿರು ಕಟ್ಟಿ, ಕೊಳವೆ ರಿಪೇರಿಯವರಿಗೆ ನಿಲ್ಲಲು ಜಾಗ ಮಾಡುವ ಸಣ್ಣ ಕೆಲಸ. ಗೋಡೆ ಒಳಗೆ ಟೊಳ್ಳಾಗಿತ್ತು, ಚೌಕಟ್ಟು ಕಿತ್ತುಬಂತು. ನಾನು ಬೆಲ್ಟ್ ಹಾಕಿದ್ದೆ. ಆದರೆ ಕೊಕ್ಕೆ ಸಿಕ್ಕಿಸಲು ಬೇರೆ ಜಾಗವೇ ಇಲ್ಲದೆ ನಿಂತ ಬಿದಿರಿಗೇ ಸಿಕ್ಕಿಸಿದ್ದೆ. ಬಿದಿರೂ ನಾನೂ ಒಟ್ಟಿಗೇ ಇಳಿದೆವು. ಕೆಳಗಿನ ಹಣ್ಣಿನಂಗಡಿಯ ತಗಡಿನ ಮಾಡು ನಡುವೆ ತಡೆಯಿತು. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ಮಾರನೆಯ ದಿನ ಶಿಂಗ್ ಚಿಕ್ಕಪ್ಪ ಮೀನಿನ ಗಂಜಿ ಹಿಡಿದು ಆಸ್ಪತ್ರೆಗೆ ಬಂದ. ಅವನೂ ನಿನ್ನಪ್ಪನೂ ಒಬ್ಬನೇ ಗುರುವಿನ ಹತ್ತಿರ ಕಲಿತವರು. ಅಪ್ಪ ಜ್ವರದಲ್ಲಿ ತೀರಿಹೋದ ಮೇಲೆ, ಯಾವ ಮಾಲೀಕನೂ ಹೆಂಗಸಿಗೆ ಸಾರವೆ ಕೆಲಸ ಕೊಡದಿದ್ದಾಗ, ತನ್ನ ಸಾರವೆ ಅಂಗಡಿಯಲ್ಲಿ ಕೊಟ್ಟವನು ಶಿಂಗ್. ಅದನ್ನು ನೀನು ಮರೆಯಬೇಡ. ಅವನು ಹಾಸಿಗೆಯ ಅಂಚಿನಲ್ಲಿ ಕುಳಿತು ಪಿಸುಗುಟ್ಟಿದ: "ಅತ್ತಿಗೆ, ಮನೆ ಮೆಟ್ಟಿಲಲ್ಲಿ ಜಾರಿದೆ ಅಂತ ಹೇಳ್ಬಿಡಿ. ನಿಮ್ಮ ಆರೈಕೆ ಎಲ್ಲ ನಂದು. ಪರಿಹಾರದ ಕೇಸು ಹಾಕಿದ್ರೆ ಆಮೇಲೆ ನನಗೆ ವಿಮೆ ಕೊಡೋರೇ ಇರಲ್ಲ. ಅಂಗಡಿ ಮುಚ್ಚಬೇಕಾಗುತ್ತೆ."

ನಾನು ಆಗಲಿ ಎಂದೆ. ಉಂಡ ಮನೆಯ ಜಂತಿ ಎಣಿಸುವುದು ಹೇಗೆ?

ಅಲ್ಲಿ ಮಲಗಿ ದಿನವಿಡೀ ಛಾವಣಿ ನೋಡುತ್ತಿದ್ದರೆ ನೆನಪಾಗುತ್ತಿದ್ದುದು ಒಂದೇ: ದ್ವೀಪದ ಬಂಡೆಯ ಮೇಲೆ ಸಮುದ್ರದಮ್ಮನ ಉತ್ಸವಕ್ಕೆ ನಾವು ನಾಟಕದ ಚಪ್ಪರ ಕಟ್ಟಿದ ವರ್ಷ. ನೀನು ಇನ್ನೂ ಅಂಬೆಗಾಲಿಡುವ ಕೂಸು, ಅಡುಗೆಯ ಅಜ್ಜಿಯ ಬೆನ್ನಿಗೆ ಕಟ್ಟಿಸಿಕೊಂಡು ನಿದ್ದೆ. ಚಪ್ಪರದ ನೆತ್ತಿಯಲ್ಲಿ ನಾವು ಮೂವರು ಕಾಲು ಇಳಿಬಿಟ್ಟು ಒಣಮೀನು ಅನ್ನ ತಿನ್ನುತ್ತಿದ್ದೆವು. ಕೆಳಗೆ ನಟಿಯರು ಉದ್ದ ತೋಳಿನ ಬಟ್ಟೆ ಬೀಸುತ್ತಾ ಅಭ್ಯಾಸ ಮಾಡುತ್ತಿದ್ದರು. ಹಾಡು ಗಾಳಿಯಲ್ಲಿ ಅರ್ಧ ಬರುತ್ತಿತ್ತು, ಅರ್ಧ ಕಡಲಿಗೆ ಹೋಗುತ್ತಿತ್ತು. ಶಿಂಗ್ ಅಂದ, "ಅಣ್ಣ ಹಾಕಿದ ಗಂಟು ಬಿಚ್ಚೋಕೇ ಬರಲ್ಲ ಅತ್ತಿಗೆ, ನಿಮ್ಮನ್ನೂ ಹಂಗೇ ಕಟ್ಟಿ ಹಾಕ್ಬಿಟ್ಟ!" ನಿನ್ನಪ್ಪ ಬಾಯ್ತುಂಬ ಅನ್ನ ಇಟ್ಟುಕೊಂಡೇ, "ಗಂಟು ನಂದಲ್ಲ ಕಣೋ, ಅವಳದ್ದು. ಸಿಕ್ಕಿಕೊಂಡಿರೋನು ನಾನು" ಎಂದ. ಶಿಂಗ್ ನಕ್ಕ ರಭಸಕ್ಕೆ ಅವನ ಊಟದ ಡಬ್ಬಿ ಕೆಳಗೆ ಬಿದ್ದು, ರಾಜನ ಪಾತ್ರದವನ ಪಕ್ಕದಲ್ಲೇ ಸಿಡಿಯಿತು. ಅವನು ಕಿರೀಟ ಹಿಡಿದುಕೊಂಡು ನಮಗೆ ಬೈದ ಬೈಗುಳ ಯಾವ ನಾಟಕದಲ್ಲೂ ಇರಲಿಲ್ಲ.

ಅಂಥ ಶಿಂಗ್‌ಗಾಗಿ ಒಂದು ಸುಳ್ಳು ದೊಡ್ಡದೇ? ಬಂದುಹೋದವರಿಗೆಲ್ಲ ಮೆಟ್ಟಿಲು ಎಂದೇ ಹೇಳಿದೆ.

ಆದರೆ ಬಿದಿರಿನ ಸಮೇತ ನಾನು ಬೀದಿಗೆ ಬಿದ್ದದ್ದನ್ನು ಹಣ್ಣಿನಂಗಡಿಯವಳು ಕಂಡಿದ್ದಳಲ್ಲ, ಸುದ್ದಿ ಸರ್ಕಾರದವರೆಗೂ ಹೋಯಿತು. ಒಂದು ದಿನ ಕಾರ್ಮಿಕ ಇಲಾಖೆಯ ಅಧಿಕಾರಿ ವಾರ್ಡಿಗೇ ಬಂದರು. ಶಿಂಗ್ ಅಲ್ಲೇ ನಿಂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವನು ಅಂದ: "ಇವರು ನಮ್ಮ ಕೆಲಸದವರಲ್ಲ ಸಾರ್. ತೀರಿಹೋದ ನಮ್ಮಣ್ಣನ ಹೆಂಡ್ತಿ. ಕೆಲಸದವರಿಗೆ ಟೀ ತರೋಕೆ ಬರ್ತಿದ್ರು, ಅಷ್ಟೇ."

ಮೂಳೆ ಮುರಿದಾಗ ನಾನು ಅತ್ತಿರಲಿಲ್ಲ ಕಾ-ಯಿನ್. ಆಗ ಅತ್ತೆ. ಈ ಪೇಟೆಯ ಎಷ್ಟು ಗೋಡೆಗಳ ಮೇಲೆ ನಾನು ಬಿದಿರು ಕಟ್ಟಿಲ್ಲ! ಕೆಲಸ ಮುಗಿದ ಮೇಲೆ ಸಾರವೆ ಬಿಚ್ಚಿ ಒಯ್ಯುತ್ತಾರೆ, ನಮ್ಮ ಕೈಯ ಗುರುತು ಉಳಿಯುವುದಿಲ್ಲ. ನಾನು ಕಟ್ಟಿದವಳು ಎಂದು ಹೇಳಲು ಉಳಿದವನು ಅವನೊಬ್ಬನೇ. ಅವನೇ ನನ್ನನ್ನು ಅಳಿಸಿಹಾಕಿದ.

"ಟೀ ತರೋಳ ಸೊಂಟಕ್ಕೆ ನಿನ್ನ ಬೆಲ್ಟ್ ಯಾಕಿತ್ತೋ ಶಿಂಗ್?" ಎಂದೆ. ವಾರ್ಡೆಲ್ಲ ತಿರುಗಿ ನೋಡಿತು.

"ಅತ್ತಿಗೆ, ನಿಮ್ಮ ಕಾಲು ಹಿಡ್ಕೋತೀನಿ..."

"ಹಿಡಿ. ಮುರೀದೇ ಇರೋ ಕಾಲು ನೋಡಿ ಹಿಡಿ."

ಅಂದೇ ಅಧಿಕಾರಿಗೆ ಎಲ್ಲ ಹೇಳಿ, ಪರಿಹಾರಕ್ಕೆ ಅರ್ಜಿ ಹಾಕಿದೆ. ಶಿಂಗ್ ಬರುವುದು ನಿಂತಿತು. ಟೀ ಕಥೆಯನ್ನೇ ಹಿಡಿದು ಎಳೆದಾಡಿದ. ಸೆಪ್ಟೆಂಬರ್‌ನಲ್ಲಿ ಇಬ್ಬರನ್ನೂ ಕಚೇರಿಗೆ ಕರೆದರು. ನಾನು ಊರುಗೋಲಿನ ಮೇಲೆ ಹೋದೆ. ಬಾಗಿಲಿನಿಂದ ಮೇಜಿನವರೆಗೆ ನಡೆಯಲು ತುಂಬ ಹೊತ್ತು ಹಿಡಿಯಿತು. ಶಿಂಗ್ ನನ್ನ ನಡಿಗೆಯನ್ನೇ ನೋಡುತ್ತಿದ್ದ. ಅಧಿಕಾರಿ, "ಇವರು ನಿಮ್ಮ ಕೈಕೆಳಗೆ ಕೆಲಸ ಮಾಡ್ತಿದ್ರಾ?" ಎಂದು ಮತ್ತೆ ಕೇಳಿದರು. ಅವನು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

"ಮಾಡ್ತಿದ್ರು. ನನಗಿಂತ ಚೆನ್ನಾಗಿ ಮಾಡ್ತಿದ್ರು" ಎಂದ.

ಅಷ್ಟೇ. ಕೇಸು ಗೆದ್ದೆ ಎಂದು ನೆರೆಹೊರೆಯವರು ಕಿತ್ತಳೆ ತಂದುಕೊಟ್ಟರು. ನನ್ನ ಔಷಧಿಗೂ ಬಾಡಿಗೆಗೂ ಇನ್ನು ಚಿಂತೆಯಿಲ್ಲ, ನೀವು ಗಂಡಹೆಂಡಿರು ನನಗೆ ಏನೂ ಕಳಿಸಬೇಕಾಗಿಲ್ಲ. ಆದರೆ ಶಿಂಗ್‌ನ ಅಂಗಡಿ ಅವನು ಹೆದರಿದಂತೆಯೇ ಮುಚ್ಚಿತು. ಈಗ ಹುಂಗ್ ಹೋಮ್‌ನಲ್ಲಿ ಕಾರು ನಿಲ್ಲಿಸುವ ಕಟ್ಟಡವೊಂದನ್ನು ಕಾಯುತ್ತಾನಂತೆ. ನಾನು ಮಾಡಿದ್ದು ಸರಿ. ಸರಿಯೆಂದು ಗೊತ್ತಿದ್ದೂ ಅನ್ನ ಸೇರದ ದಿನಗಳಿವೆ.

ವೈದ್ಯರು ಇನ್ನು ಏರುವ ಮಾತೇ ಬೇಡ ಎಂದಿದ್ದಾರೆ. ಕುರ್ಚಿಯ ಮೇಲೂ ನಿಲ್ಲಬಾರದಂತೆ.

ಪುಟ್ಟಿಗೆ ತಿಂಗಳು ತುಂಬಿದ ಔತಣಕ್ಕೆ ಬಂದೇ ಬರುತ್ತೇನೆ. ಹಡಗುಕಟ್ಟೆಗೆ ಅಳಿಯನನ್ನು ಗಾಲಿಕುರ್ಚಿಯೊಂದಿಗೆ ಕಳಿಸು. ನನ್ನನ್ನು ಕಂಡು ಅವನು ಮುಖ ಸಪ್ಪಗೆ ಮಾಡಬಾರದೆಂದು ಮೊದಲೇ ಹೇಳಿರು. ಅಲ್ಲಿ ಶುಭಕ್ಕೆಂದು ಕೆಂಪು ಬಣ್ಣ ಹಚ್ಚಿದ ಮೊಟ್ಟೆ ಹಂಚುವಾಗ ಶಿಂಗ್ ಚಿಕ್ಕಪ್ಪನಿಗೂ ಒಂದು ಜೊತೆ ಎತ್ತಿಡು. ನೀನೇ ಫೋನ್ ಮಾಡಿ ಕರೆ. ನಾನು ಕರೆದರೆ ನಾಚಿಕೆಯಿಂದ ಬರಲಾರ.

ತಲೆಗೆ ಬಟ್ಟೆ ಕಟ್ಟಿಕೋ, ತಣ್ಣೀರು ಮುಟ್ಟಬೇಡ.

ನಿನ್ನ ಸುಳ್ಳುಗಾತಿ ಅಮ್ಮ,
ಸೌ-ಲಾನ್

ಮರೆತ ಮಾತು: ಆ ದಿನ ಏರಬೇಕಾಗಿದ್ದವನು ಶಿಂಗ್. ನಿನ್ನ ಮಂಡಿ ನೋಯುತ್ತಿದೆ, ನೀನು ಕೆಳಗಿರು ಎಂದು ನಾನೇ ಅವನನ್ನು ತಡೆದೆ. ಇದನ್ನು ಅಧಿಕಾರಿಗೆ ಹೇಳಲಿಲ್ಲ. ಮಂಡಿನೋವು ನಿಜ, ಆದರೆ ಕಾರಣ ಅದಲ್ಲ. ರಾತ್ರಿಯೆಲ್ಲ ಸುರಿದ ಮಳೆ ನಿಂತು ಬಿಸಿಲು ಬಿದ್ದಿತ್ತು. ಮೇಲೆ ಹೋದರೆ ಮನೆಗಳ ಸಂದಿನಲ್ಲಿ ಒಂದಿಷ್ಟು ಕಡಲು ಕಾಣುತ್ತದೆಂದು ನನಗೆ ಗೊತ್ತಿತ್ತು. ಕಂಡಿತು, ಮಗಳೇ.